ಸರಸಕ್ಕ ಹಾಸಿದ ಎಳೆ

ಪುಕ್ಕಟೆ ಸಿಕ್ಕಿದ್ದನ್ನು ಮನೆಗೆ ಹೊತ್ತು ತರುವವರನ್ನು ನೀವು ನೋಡಿರುತ್ತೀರಿ. ಪುಕ್ಕಟೆಯಾಗಿ ಬಿಸಾಡಬಹುದು ಎಂದಾಗ ಮನುಷ್ಯ ಹೇಗಾಡುತ್ತಾನೆ ಎಂಬುದನ್ನು ನೋಡಬೇಕಿದ್ದರೆ ಈ ಸಂಕ್ರಾಂತಿಯ ಮುಂಚೆ ಹಿಂದೂಪುರದ ನಮ್ಮ ಬೀದಿಗೆ ಬರಬೇಕಿತ್ತು.

ನಮ್ಮದು ನೇಕಾರರ ಬೀದಿ. ನಾನು ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದು, ಈಗ ಬಜಾರಿನಲ್ಲಿ ಸಿದ್ಧ ಉಡುಪು ಮಾರುತ್ತೇನೆ. ಬೀದಿಯಲ್ಲಿ ಕೈಮಗ್ಗ ಉಳಿದಿರುವುದು ಪಕ್ಕದ ಮನೆಯ ಸರಸಕ್ಕನದು ಒಂದೇ. ಮಗ್ಗಕ್ಕೆ ಏರಿಸುವ ಮುಂಚೆ ಸೀರೆಯ ಉದ್ದದ ಎಳೆಗಳನ್ನು ಗೂಟದಿಂದ ಗೂಟಕ್ಕೆ ಬಿಗಿದು ಸರಿಪಡಿಸಬೇಕು. ಅದಕ್ಕೆ ಹಾಸು ಎನ್ನುತ್ತೇವೆ. ಹಿಂದೆ ಬೀದಿಯ ಕೊನೆಯ ಮುನಿಸಿಪಾಲಿಟಿ ಜಾಗದಲ್ಲಿ ಎಲ್ಲರೂ ಹಾಸುತ್ತಿದ್ದರು. ಮಗ್ಗಗಳು ಹೋದ ಮೇಲೆ ಅಲ್ಲಿ ಒಡೆದ ಮನೆಗಳ ಇಟ್ಟಿಗೆ, ಸುಣ್ಣದ ಗಾರೆ, ಹರಿದ ಚಾಪೆಗಳು ಗುಡ್ಡೆಯಾದವು. ಮಧ್ಯದಲ್ಲಿ ಬಜಾರಿಗೆ ಹೋಗುವ ಕಾಲುದಾರಿ ಮಾತ್ರ ಉಳಿಯಿತು. ಬೀದಿಯಲ್ಲಿ ಹಾಸೋಣವೆಂದರೆ ಬೈಕು, ಆಟೋಗಳ ಕಾಟ.

“ಆ ಜಾಗ ಸಿಗ್ದಿದ್ರೆ ಹಬ್ಬ ಕಳ್ದ ಮ್ಯಾಲೆ ಮಗ್ಗ ಬಿಚ್ಬುಡ್ತೀನಿ ಕಣಪ್ಪ,” ಎಂದಳು ಸರಸಕ್ಕ.

ಗುಡ್ಡೆ ಎತ್ತಲು ಬೀದಿಯವರೆಲ್ಲ ಸಿದ್ಧರಿದ್ದೆವು. ಆದರೆ ಊರಾಚೆಯ ಕಸದ ಯಾರ್ಡಿನಲ್ಲಿ ಸುರಿಯಲು ಟ್ರಾಕ್ಟರಿಗೆ ಇಷ್ಟೆಂದು ಶುಲ್ಕ. ಊರಿನ ಕಸವನ್ನು ನಾವೇ ಎತ್ತಿ ಊರಿಗೇ ದುಡ್ಡು ಕಟ್ಟುವುದೇ ಎಂಬಲ್ಲಿಗೆ ಪ್ರತಿ ಸಲ ಮಾತು ನಿಲ್ಲುತ್ತಿತ್ತು. ಕೊನೆಗೆ ಸರಸಕ್ಕ ಬೀದಿಯ ಮಹಿಳಾ ಸಂಘದವರನ್ನು ಕರೆದುಕೊಂಡು ಮುನಿಸಿಪಾಲಿಟಿ ಆಫೀಸಿಗೆ ಹೊರಟಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂದು ನಾನು ನಕ್ಕೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಅವತ್ತು ಗಾದೆಯೇ ಸುಳ್ಳಾಯಿತು. ಸ್ಯಾನಿಟರಿ ಇನ್ಸ್‌ಪೆಕ್ಟರು ಎಲ್ಲವನ್ನೂ ಕೇಳಿ, ಮೇಲಿನವರಿಗೆ ಹೇಳಿ, ಆ ಸಂಘಕ್ಕೂ ಬೀದಿಯ ಮನೆಗಳಿಗೂ ಸಂಕ್ರಾಂತಿಯ ಹಿಂದಿನ ದಿನದ ಭೋಗಿ ಹಬ್ಬದ ತನಕ ಶುಲ್ಕ ಮಾಫಿ ಮಾಡಿಸಿದರು.

ಹಳೆಯ ಅರಸರು ಮಗ್ಗದೆರೆ, ಅಂದರೆ ಮಗ್ಗದ ಮೇಲಿನ ತೆರಿಗೆ, ಮಾಫಿ ಮಾಡಿದರೆ ಅದನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಅದಕ್ಕೆ ತಪ್ಪಿದವರು ಗೋವನ್ನು ಕೊಂದ ಪಾಪಕ್ಕೆ ಹೋಗುವರು ಎಂದು ಶಾಪವನ್ನೂ ಸೇರಿಸುತ್ತಿದ್ದರು. ನಮ್ಮ ಇನ್ಸ್‌ಪೆಕ್ಟರು ಶಾಪ ಹಾಕಲಿಲ್ಲ. ಲೋಡಿನ ಮೇಲೆ ಟಾರ್ಪಾಲು ಮುಚ್ಚಿಕೊಂಡು ಹೋಗಿ ಎಂದಷ್ಟೇ ಹೇಳಿದರು. ಕಸದ ಸುಂಕ ಬಿಟ್ಟು ಒಂದು ಮಗ್ಗ ಉಳಿಸಲು ಹೊರಟ ಆ ಮನುಷ್ಯನಿಗೂ ಒಂದು ಕಲ್ಲು ನಿಲ್ಲಿಸಬೇಕು ಎಂದು ನನಗೆ ನಿಜವಾಗಿಯೂ ಅನ್ನಿಸಿದೆ.

ಎಡವಟ್ಟು ಮಾಡಿದವರು ನಾವು. ಮಾಫಿ ಎಂದ ಕೂಡಲೇ ಪ್ರತಿ ಮನೆಯ ಅಟ್ಟವೂ ಕೆಳಗಿಳಿಯಿತು. ಟ್ರಾಕ್ಟರು ಹಗಲೆಲ್ಲ ಎತ್ತಿದ್ದನ್ನು ನಾವು ಬೆಳಗಾಗುವುದರೊಳಗೆ ತುಂಬಿಕೊಡುತ್ತಿದ್ದೆವು. ನನ್ನ ಭಾವಮೈದುನನಂತೂ ಗಂಟುಗಂಟಾದ ಹತ್ತಿಯ ಹಾಸಿಗೆಯೊಂದನ್ನು ಬಸ್ಸಿಗೆ ಹಾಕಿಕೊಂಡು ಕಲ್ಯಾಣದುರ್ಗದಿಂದ ಬಂದಿಳಿದ.

“ನಿಮ್ಮೂರಾಗೆ ಫ್ರೀ ಅಂತಲ್ಲ ಭಾವಾ?” ಎಂದ. ಆ ಪುಕ್ಕಟೆಗಾಗಿ ಲಗೇಜು ಟಿಕೆಟ್ಟು ಕೊಂಡಿದ್ದ.

ಭೋಗಿ ಹತ್ತಿರ ಬಂತು. ಮುಂದಿನ ಒಂದು ಪಟ್ಟಿ ಜಾಗ ಬಿಟ್ಟರೆ ಗುಡ್ಡೆ ಹಾಗೇ ಇತ್ತು. ಸರಸಕ್ಕ ಯಾರನ್ನೂ ಬಯ್ಯಲಿಲ್ಲ.

ಮಾರನೆಯ ಬೆಳಗ್ಗೆ ನಾನು ಕಾಲು ಮುರಿದ ಕುರ್ಚಿ ಹಿಡಿದು ಹೋದರೆ, ಭಾವಮೈದುನ ತಲೆಯ ಮೇಲೆ ಹಾಸಿಗೆ ಹೊತ್ತು ನಿಂತಿದ್ದಾನೆ. ಅವನ ಹಿಂದೆ ಅರ್ಧ ಬೀದಿ ನಿಂತಿದೆ. ಜಾಗದ ಬಾಯಿಗೆ ಅಡ್ಡಲಾಗಿ, ಗೋಡೆಯಿಂದ ಗೋಡೆಯವರೆಗೆ, ಸರಸಕ್ಕ ಕೆಂಪು ರೇಷ್ಮೆಯ ಹಾಸು ಬಿಗಿದಿದ್ದಳು. ಹಾಸಿದ ಎಳೆಯನ್ನು ನಮ್ಮವರು ದಾಟುವುದಿಲ್ಲ. ಯಾಕೆಂದು ಯಾರಿಗೂ ಗೊತ್ತಿಲ್ಲ. ನಮ್ಮ ಅಜ್ಜಿ ದಾಟಲಿಲ್ಲ, ನಾವೂ ದಾಟುವುದಿಲ್ಲ.

“ದಾಟೋದಾದ್ರೆ ದಾಟ್ರಪ್ಪ, ನಾನೇನ್ ಬ್ಯಾಡ ಅಂದ್ನಾ?” ಎಂದಳು ಸರಸಕ್ಕ, ತುಂಡಾದ ಎಳೆಯೊಂದನ್ನು ಗಂಟು ಹಾಕುತ್ತ. ಯಾರೂ ಕಾಲೆತ್ತಲಿಲ್ಲ. ಹೊರೆ ಹೊತ್ತು ಹಿಂದಿನ ಓಣಿ ಸುತ್ತಿ ಬರಲೂ ಯಾರಿಗೂ ಮನಸ್ಸಾಗಲಿಲ್ಲ. ಟ್ರಾಕ್ಟರು ಮಾತ್ರ ಆ ಓಣಿಯಿಂದ ಬಂದು ಗುಡ್ಡೆ ಎತ್ತತೊಡಗಿತು. ನೋಡಲು ಬಂದ ಇನ್ಸ್‌ಪೆಕ್ಟರು ನಮ್ಮ ಕುಲದವರಲ್ಲ, ನಂಬಿಕೆಯೂ ಅವರದಲ್ಲ. ಆದರೂ ಎಳೆಯ ಮುಂದೆ ತಡೆದು ನಿಂತರು.

“ಪರವಾಲೇದಮ್ಮಾ, ನೇನು ಸುತ್ಕೊಂಡೇ ಬತ್ತೀನಿ,” ಎಂದು ತೆಲುಗು ಬೆರೆಸಿ ಹೇಳಿ, ಪರವಾಗಿಲ್ಲ ಎನ್ನುವಂತೆ ಕೈಯಾಡಿಸಿ ಓಣಿಯ ಕಡೆಗೆ ತಿರುಗಿದರು.

ಭೋಗಿಯ ಹೊತ್ತಿಗೆ ಜಾಗ ಅಂಗೈಯಂತೆ ಚೊಕ್ಕಟವಾಗಿತ್ತು. ಹಾಸಿಗೆ ಮತ್ತೆ ಲಗೇಜು ಟಿಕೆಟ್ಟಿನೊಂದಿಗೆ ಕಲ್ಯಾಣದುರ್ಗಕ್ಕೆ ಹೋಯಿತು. ಸರಸಕ್ಕ ಮಗ್ಗ ಬಿಚ್ಚಲಿಲ್ಲ. ಹಬ್ಬದ ಮರುದಿನವೇ ಅದರ ಸದ್ದು ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬಂತು, ನನ್ನ ಹೆಂಡತಿ ಸೌಟು ಹಿಡಿದು ಕೇಳುತ್ತ ನಿಂತಳು.

ಈಗ ಹಾಸು ಇರುವ ಬೆಳಗ್ಗೆ ನಾನು ಅಂಗಡಿಗೆ ಹಿಂದಿನ ಓಣಿ ಸುತ್ತಿಕೊಂಡೇ ಹೋಗುತ್ತೇನೆ. ದಾರಿ ಸ್ವಲ್ಪ ಉದ್ದವಾಗಿದೆ. ಅದಕ್ಕೂ ಶುಲ್ಕವೇನಿಲ್ಲ.