ಮರೆತುಹೋಗುವ ತನಕ ಕೂರುವ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿದೇಶಾಂಗ ಇಲಾಖೆಯ ಹಿಂಬದಿ ಗೇಟಿನ ಎದುರು ಆಗಲೇ ಹದಿನೈದಿಪ್ಪತ್ತು ಜನ ಸಾಲು ನಿಂತಿದ್ದಾರೆ. ಕೆಲಸಕ್ಕೋ ಓದಿಗೋ ಹೊರದೇಶಕ್ಕೆ ಹೊರಟವರು. ಪ್ರಮಾಣಪತ್ರಗಳಿಗೆ ಇಲಾಖೆಯ ಮುದ್ರೆ ಬೇಕು. ಸಾಲಿನ ಪಕ್ಕದ ಕಟ್ಟೆಯ ಮೇಲೆ ಬೂದು ಸ್ವೆಟರಿನ ಹೆಂಗಸೊಬ್ಬರು ಕುಳಿತಿದ್ದಾರೆ. ಕಂಕುಳಲ್ಲಿ ಕಡತವಿಲ್ಲ, ಮುಖದಲ್ಲಿ ಆತುರವಿಲ್ಲ. ಯಾರಾದರೂ ಹೊಸದಾಗಿ ಬಂದು ಸಾಲಿಗೆ ಸೇರಿದರೆ ಗಡಿಯಾರ ನೋಡಿ ಚೀಟಿಯಲ್ಲಿ ಒಂದು ಗೆರೆ ಎಳೆಯುತ್ತಾರೆ.

"ಒಳಗಿನವರ ಲೆಕ್ಕ ಟೋಕನ್ ಕೊಟ್ಟ ಮೇಲೆ ಶುರುವಾಗುತ್ತೆ. ಕಾಲು ನೋಯೋಕೆ ಶುರುವಾಗೋದು ಇಲ್ಲಿಂದ ಅಲ್ವಾ?" ಎನ್ನುತ್ತಾರೆ.

ಇಲಾಖೆಯಲ್ಲಿ ಇವರನ್ನು ಎಲ್ಲರೂ ಗಡಿಯಾರದಕ್ಕ ಎಂದೇ ಕರೆಯುತ್ತಾರೆ. ಯಾವ ವಿಭಾಗದಲ್ಲಿ ಎಷ್ಟು ಜನ, ಎಷ್ಟು ಕುರ್ಚಿ, ಅಷ್ಟರಲ್ಲಿ ಎಷ್ಟು ಕೆಲಸ ಆಗುತ್ತಿದೆ ಎಂದು ಅಳೆಯುವ ಘಟಕ ಇವರದು. ಘಟಕವೆಂದರೆ ಲಿಫ್ಟಿನ ಪಕ್ಕದ ಎರಡು ಮೇಜಿನ ಕೋಣೆ. ಲಿಫ್ಟು ಹಾದಾಗಲೆಲ್ಲ ಮೇಜಿನ ಮೇಲಿನ ಲೋಟ ನಡುಗುತ್ತದೆ. ಬೆರಳಚ್ಚುಗಾರ್ತಿಯಾಗಿ ಸೇರಿದವರು ಇವರು. ಟೈಪ್‌ರೈಟರುಗಳು ಗುಜರಿಗೆ ಹೋದಾಗ ಎಲ್ಲಿ ಕೂರಿಸಬೇಕೆಂದು ತೋಚದೆ ಇಲ್ಲಿ ತಂದು ಕೂರಿಸಿದರು. ಮೊದಲ ಎರಡು ವರ್ಷ ಕೆಲಸವೂ ಇಲ್ಲ, ಮಾತಾಡಿಸುವವರೂ ಇಲ್ಲ. ಆ ದಿನಗಳ ಬಗ್ಗೆ ಕೇಳಿದರೆ ನಡುಗುವ ಲೋಟವನ್ನು ಪಕ್ಕಕ್ಕೆ ಸರಿಸುತ್ತಾರೆ. ಆಮೇಲೆ ನಗುತ್ತಾರೆ. "ಸುಮ್ನೆ ಕೂರೋದನ್ನ ಆಗ ಕಲ್ತೆ. ಈಗ ಅದಕ್ಕೇ ಸಂಬಳ."

ಬಸ್ ಓಡಿಸಿ ನಿವೃತ್ತರಾದ ಗಂಡನಿಗೆ ಬೇರೆಯದೇ ದೂರು. "ನಾನು ಸ್ನಾನಕ್ಕೆ ಹೋದ್ರೂ ಗಡಿಯಾರ ನೋಡ್ತಾಳೆ. ಅವಳ ಅಕ್ಕನ ಫೋನು ಬಂದ್ರೆ ಮಾತ್ರ ಟೈಮೇ ನಿಂತುಬಿಡುತ್ತೆ."

"ಅದು ಅಳತೆಗೆ ಬರಲ್ಲ ರೀ," ಎನ್ನುತ್ತಾರೆ ಗಡಿಯಾರದಕ್ಕ.

ಅಳತೆಗೆ ಬಾರದ್ದು ಇನ್ನೂ ಒಂದಿದೆ: ತಾವು ನೋಡದಿದ್ದಾಗ ಜನ ಹೇಗಿರುತ್ತಾರೆ ಎಂಬುದು. "ನಾನು ಬಾಗಿಲಲ್ಲಿ ಕಾಣಿಸಿದ್ರೆ ಸಾಕು, ಎಲ್ರೂ ಗ್ರೂಪ್ ಫೋಟೋಗೆ ಕೂತ ಹಾಗೆ ಕೂತ್ಬಿಡ್ತಾರೆ."

ಕಳೆದ ತಿಂಗಳು ಇದೇ ಮುಳುವಾಯಿತು. ಮುದ್ರೆ ಹಾಕುವ ಕೌಂಟರುಗಳು ಮೂರು. ಮೂರನೆಯದರಲ್ಲಿ ಕೂರುವ ಯುವತಿ ಗುತ್ತಿಗೆಯವಳು. ಅವಳನ್ನು ಮುಂದುವರಿಸಬೇಕೋ ಬೇಡವೋ ಎಂದು ಅಳೆಯಬೇಕಿತ್ತು. ಅವಳು ಉಳಿಯಲಿ ಎಂದು ಮೂವರೂ ಟೀ ಬಿಟ್ಟು, ಮಾತು ಬಿಟ್ಟು ದುಡಿದರು. ಮಧ್ಯಾಹ್ನದ ಹೊತ್ತಿಗೆ ಜನ ಕಾಯುವ ಹಾಲ್ ಖಾಲಿ. ಅಂಕಿ ನೋಡಿ ಖುಷಿಪಟ್ಟ ನಿರ್ದೇಶಕರು, ಇಷ್ಟು ಬೇಗ ಮುಗಿಯುವುದಾದರೆ ಇಬ್ಬರೇ ಸಾಕಲ್ಲ ಎಂದುಬಿಟ್ಟರು.

"ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೊಂಡ್ವಿ," ಎನ್ನುತ್ತಾರೆ ಮೊದಲ ಕೌಂಟರಿನ ಹಿರಿಯ ಗುಮಾಸ್ತರು. "ಆ ವಾರ ಟೈ ಬೇರೆ ಕಟ್ಕೊಂಡು ಬಂದಿದ್ದೆ."

ಗಡಿಯಾರದಕ್ಕ ನಿರ್ದೇಶಕರ ಬಳಿ ಹೋಗಿ, ತಾನು ಅಳೆದದ್ದು ಕೆಲಸವನ್ನಲ್ಲ, ಭಯವನ್ನು ಎಂದರು. ಇನ್ನೆರಡು ವಾರ ಕೇಳಿ ಪಡೆದರು. ಕೌಂಟರಿನವರಿಗೆ ಎಂದಿನಂತೆ ಇರಿ ಎಂದು ಹೇಳಿದರೆ ಅವರು ಎಂದಿನಂತಿರುವುದನ್ನು ನಟಿಸುತ್ತಾರೆ, ಹಾಗಾಗಿ ಹೇಳಲಿಲ್ಲ. ಹಾಲ್‌ನ ಮೂಲೆಯಲ್ಲಿ, ನೀರಿನ ಡ್ರಮ್ಮಿನ ಪಕ್ಕ ಸುಮ್ಮನೆ ಕುಳಿತರು. ದಿನ ಕಳೆದಂತೆ ಗುಮಾಸ್ತರ ಟೈ ಮಾಯವಾಯಿತು. ಫ್ಯಾನಿನ ವಿಷಯಕ್ಕೆ ಮೊದಲ ಎರಡು ಕೌಂಟರುಗಳ ಜಗಳ ಮತ್ತೆ ಶುರುವಾಯಿತು. ನೆಲ ಒರೆಸುವಾಕೆ ಒಂದು ಬೆಳಿಗ್ಗೆ ಗಡಿಯಾರದಕ್ಕನ ಮುಖವನ್ನೂ ನೋಡದೆ "ಕಾಲೆತ್ತಮ್ಮ" ಎಂದಳು.

"ಅವತ್ತೇ ಅಳತೆ ಶುರು ಮಾಡಿದೆ," ಎನ್ನುವಾಗ ಅವರ ಕಣ್ಣು ಮಿನುಗುತ್ತದೆ.

ಆಮೇಲೆ ಕಂಡದ್ದು ನಿಜವಾದ ಹಾಲ್. ಮೂರನೇ ಕೌಂಟರಿನ ಯುವತಿ ಪ್ರತಿ ಹಾಳೆಯನ್ನೂ ಓದುತ್ತಾಳೆ. ಮಗಳ ಅಂಕಪಟ್ಟಿಯಲ್ಲಿ ಹುಟ್ಟಿದ ವರ್ಷ ತಪ್ಪಾಗಿದ್ದ ತಾಯಿಯೊಬ್ಬರಿಗೆ, ಎಲ್ಲಿ ತಿದ್ದಿಸಬೇಕು, ಯಾರನ್ನು ಕೇಳಬೇಕು ಎಂದು ಬಿಡಿಸಿ ಹೇಳಿದಳು. ಹಿಂದೆ ನಿಂತವರು ಗೊಣಗಿದರು. ಅವಸರದ ವಾರದಲ್ಲಿ ಇಂಥ ಹಾಳೆಗಳಿಗೂ ಮುದ್ರೆ ಬಿದ್ದಿತ್ತು. ಹೊರದೇಶದ ಕಚೇರಿಗಳಿಂದ ಅವು ಒಂದೊಂದಾಗಿ ವಾಪಸು ಬರತೊಡಗಿದ್ದವು. ಓದಿ ಮುದ್ರೆ ಹಾಕಬೇಕಾದರೆ ಇಬ್ಬರು ಸಾಲುವುದಿಲ್ಲ ಎಂದು ಗಡಿಯಾರದಕ್ಕ ವರದಿ ಬರೆದರು.

ಇಂದು ಹನ್ನೊಂದರ ಸುಮಾರಿಗೆ ಆದೇಶ ಬರುತ್ತದೆ. ಮೂರನೇ ಕುರ್ಚಿ ಉಳಿದಿದೆ. ಗುಮಾಸ್ತರು ಎಲ್ಲರಿಗೂ ಟೀ ಹೇಳುತ್ತಾರೆ. ಯುವತಿ ಕಿಂಡಿಯಿಂದ ತಲೆ ಹೊರಹಾಕಿ ಮೂಲೆಯತ್ತ ನೋಡುತ್ತಾಳೆ.

"ಅಕ್ಕಾ, ನಾನು ತುಂಬಾ ನಿಧಾನ ಅಂತ ಬರೆದಿದ್ದೀರಂತೆ."

"ಹೌದಮ್ಮ. ಮೂರೂ ಜನರಲ್ಲಿ ನೀನೇ ನಿಧಾನ."

"ಥ್ಯಾಂಕ್ಸ್ ಅಕ್ಕಾ," ಎಂದು ತಲೆ ಒಳಗೆಳೆದುಕೊಂಡು, ಕೈಯಲ್ಲಿದ್ದ ಹಾಳೆಯನ್ನು ಮತ್ತೆ ಮೊದಲಿನಿಂದ ಓದತೊಡಗುತ್ತಾಳೆ.

ಗಡಿಯಾರದಕ್ಕ ಟೀ ಲೋಟದ ಹಿಂದೆ ನಗು ಮುಚ್ಚಿಕೊಳ್ಳುತ್ತಾರೆ. "ಬೇಗ ಅಂತ ಬರೆಸ್ಕೊಂಡೋರು ಬೇಕಾದಷ್ಟು ಜನ ಇದ್ದಾರೆ. ನಿಧಾನ ಅಂತ ಬರೆಸ್ಕೊಂಡು ನಂಗೆ ಥ್ಯಾಂಕ್ಸ್ ಹೇಳಿದವಳು ಇವಳೊಬ್ಬಳೇ."