ಸುಂಕದವನಿಗೂ ಕಿವಿಯುಂಟು

ಮೊನ್ನೆ ಮಾದಾಪುರದ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಿದ್ದೆ. ಗಲ್ಲಾಪೆಟ್ಟಿಗೆಯ ಮೇಲೆ ಮಾಲೀಕರು ಊದುಬತ್ತಿ ಹಚ್ಚಿದರು. ಆ ವಾಸನೆಗೆ ನಿಮಗೆ ದೇವರು ನೆನಪಾಗಬಹುದು. ನನಗೆ ನೆನಪಾಗುವುದು ಕುಶಾಲನಗರದ ನಮ್ಮ ದೊಡ್ಡಮ್ಮನ ಮಸಿ ಮೆತ್ತಿದ ಕೈ.

ದೊಡ್ಡಮ್ಮ ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಮನೆಯ ಹಿಂದಿನ ಷೆಡ್ಡಿನಲ್ಲಿ ಹೆಂಗಸರನ್ನು ಕೂರಿಸಿಕೊಂಡು ಊದುಬತ್ತಿ ಹೊಸೆಸುತ್ತಿದ್ದರು. ಇದ್ದಿಲ ಪುಡಿಯ ಅಂಟು ಹಿಟ್ಟನ್ನು ಮಣೆಯ ಮೇಲಿಟ್ಟು ಬಿದಿರುಕಡ್ಡಿಗೆ ಒಂದೇ ಉರುಳಿಗೆ ಸುತ್ತಬೇಕು. ನಾನೂ ಒಮ್ಮೆ ಕೈಹಾಕಿದೆ. ನನ್ನ ಬತ್ತಿ ಕಪ್ಪೆ ನುಂಗಿದ ಹಾವಿನಂತೆ ಹೊಟ್ಟೆ ಬಿಟ್ಟುಕೊಂಡಿತು. "ಇದನ್ನ ಹಚ್ಚಿದ್ರೆ ದೇವ್ರೇ ಎದ್ದು ಓಡ್ತಾನೆ ಕಣಪ್ಪಾ," ಎಂದು ದೊಡ್ಡಮ್ಮನ ಬಲಗೈಯಂತಿದ್ದ ಅಮೀನಾಬಿ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಹೊರದೇಶದಿಂದ ಯಂತ್ರದ ಬತ್ತಿ ಮೂಟೆಗಟ್ಟಲೆ ಬಂತು. ನಮಗೆ ಬರೀ ಕಡ್ಡಿ ಸಿಗುವ ಬೆಲೆಗೆ ಅವರ ಬತ್ತಿಯೇ ಸಿಗುತ್ತಿತ್ತು. ನಮ್ಮ ಮಾಲನ್ನೇ ಕೊಳ್ಳುತ್ತಿದ್ದ ಮೈಸೂರಿನ ಸಾಹುಕಾರರು ಫೋನ್ ಎತ್ತುವುದನ್ನೇ ಬಿಟ್ಟರು. ಹೆಂಗಸರು ಒಬ್ಬೊಬ್ಬರಾಗಿ ಎಸ್ಟೇಟಿಗೆ ಕಾಫಿಹಣ್ಣಿನ ಪಿಕಿಂಗ್‌ಗೆ ಹೊರಟರು. ಷೆಡ್ಡಿನಲ್ಲಿ ಉಳಿದವರು ದೊಡ್ಡಮ್ಮ, ಅಮೀನಾಬಿ ಇಬ್ಬರೇ.

ಷೆಡ್ಡನ್ನು ಹೋಂಸ್ಟೇ ಮಾಡಿ, ದುಬಾರೆಗೆ ಬರುವವರು ತಂಗುತ್ತಾರೆ ಎಂದು ಊರೆಲ್ಲ ಬುದ್ಧಿ ಹೇಳಿತು. ನಾನೂ ಹೇಳಿದೆ. ಬುದ್ಧಿ ಹೇಳುವುದಕ್ಕೆ ಬುದ್ಧಿ ಬೇಕಾಗಿಲ್ಲವಲ್ಲ!

"ಆನೆ ನೋಡಕ್ ಬಂದೋರ ಹಾಸಿಗೆ ಮಡಚಕ್ಕಾ ನಾನು ಈ ಕೆಲ್ಸ ಕಲ್ತಿದ್ದು?" ಎಂದರು ದೊಡ್ಡಮ್ಮ. ಸರ್ಕಾರಕ್ಕಾದರೂ ಹೇಳಿಕೊಳ್ಳಿ ಎಂದರೆ, "ಸುಂಕದವನ ಮುಂದೆ ಸುಖದುಃಖ ಹೇಳ್ಕಂಡಂಗೆ" ಎಂದು ಮೂಗು ಮುರಿದರು. ಆದರೂ ಸರ್ಕಾರಕ್ಕೆ ಅರ್ಜಿ ಕೊಡಲೆಂದು ಊದುಬತ್ತಿಯವರು ಸಭೆ ಸೇರಿದಾಗಲೆಲ್ಲ ಹೋಗಿ, ಅಲ್ಲಿಗೆ ಬಂದ ಅಧಿಕಾರಿಗಳ ಜೊತೆ ಜಗಳವಾಡಿ ಬರುತ್ತಿದ್ದರು.

ಒಂದು ಸಂಜೆ ಟಿ.ವಿ.ಯಲ್ಲಿ ಊದುಬತ್ತಿಗೆ ಸುಂಕ ಏರಿತೆಂಬ ಸುದ್ದಿ ಬಂತು. ದೊಡ್ಡಮ್ಮ ಹಣೆ ಹಣೆ ಚಚ್ಚಿಕೊಂಡರು. "ಸಾಯೋರ ಮೇಲೂ ಸುಂಕ ಹಾಕಿದ್ರಲ್ಲೋ, ಇವ್ರ ಮನೆ ಹಾಳಾಗ!"

"ಅಯ್ಯೋ ದೊಡ್ಡಮ್ಮ, ನಮ್ ಬತ್ತಿಗಲ್ಲ! ಹೊರಗಿಂದ ಬರೋ ಬತ್ತಿಗೆ!"

ಅವರು ನನ್ನನ್ನೇ ನೋಡಿದರು. "ಇನ್ನೊಂದ್ ಸಲ ಹೇಳು." ಹೇಳಿದೆ. "ಹಂಗಾದ್ರೆ ಸುಂಕದವನಿಗೂ ಕಿವಿ ಐತೆ ಅನ್ನು!" ಎಂದವರೇ ಅಮೀನಾಬಿಯನ್ನು ತಬ್ಬಿಕೊಂಡು ಅತ್ತುಬಿಟ್ಟರು. ನನ್ನ ಕಣ್ಣೂ ಒದ್ದೆಯಾಯಿತು.

ಹೊರಗಿನ ಬತ್ತಿ ದುಬಾರಿಯಾಯಿತು. ಕೆಲವೇ ವಾರಗಳಲ್ಲಿ ಸಾಹುಕಾರರ ಕಾರು ಬಾಗಿಲಿಗೇ ಬಂತು. "ಅಮ್ಮಾ, ಮಾಲು ಎಷ್ಟಿದ್ರೂ ಕೊಡಿ."

ದೊಡ್ಡಮ್ಮ ಮಣೆ ಬಿಟ್ಟು ಏಳಲಿಲ್ಲ. "ಕೂತ್ಕಳಿ ಸಾಹುಕಾರ್ರೇ. ನಮ್ ಕೈಯೆಲ್ಲ ಮಸಿ. ಕಾಫಿ ಅಲ್ಲೈತೆ, ನೀವೇ ಬಗ್ಗಿಸ್ಕಳಿ. ಹಂಗೇ ನಮ್ಗೂ ಒಂದೊಂದ್ ಲೋಟ ಕೊಡಿ."

ಸಾಹುಕಾರರು ಕಾಫಿ ಬಗ್ಗಿಸಿದರು! ಅಮೀನಾಬಿ ಒಂದು ಗುಟುಕು ಕುಡಿದು, ಸಕ್ಕರೆ ಕಮ್ಮಿ ಎಂದಳು. ಸಕ್ಕರೆಯೂ ಬಂತು.

ಇದೆಲ್ಲ ನೆನೆದು ಹೋಟೆಲಿನ ಮಾಲೀಕರನ್ನು ಕೇಳಿದೆ, ಬತ್ತಿ ಎಲ್ಲಿಯದೆಂದು. "ಇಲ್ಲೇ ಕುಶಾಲನಗರದ್ದು ಸಾರ್. ಬೇರೇದು ಯಾರಿಗ್ ಬೇಕು?" ಎಂದರು. ಎದೆ ಉಬ್ಬಿಹೋಯಿತು. ಕೂತಲ್ಲಿಂದಲೇ ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಈಗ ಪುರ್ಸೊತ್ತಿಲ್ಲ, ಇಡೋ! ಹೊಸ ಹೆಣ್ಮಕ್ಳು ಬಂದವ್ರೆ, ಮಣೆ ಸಾಲ್ದೆ ಬಡಗೀನ ಕರ್ಸಿದೀನಿ," ಎಂದು ಗದರಿ ದೊಡ್ಡಮ್ಮನೇ ಫೋನ್ ಇಟ್ಟುಬಿಟ್ಟರು.