ಅಜ್ಜಿಯ ಗಂಟೆಗೆ ಮೂರು ಜಾಡಿ

ಮೊನ್ನೆ ಹೊಸಪೇಟೆಯ ಮಾರ್ಕೆಟ್ಟಿನಲ್ಲಿ ಕಲಾಯಿ ಹಾಕುವವರೊಬ್ಬರು ಕಾದ ಪಾತ್ರೆಯ ತಳಕ್ಕೆ ನವಸಾಗರದ ಪುಡಿ ಉದುರಿಸಿದರು. ಬಿಳಿ ಹೊಗೆ ಎದ್ದು ಮೂಗು ಚುರುಗುಟ್ಟಿತು. ಉಳಿದವರು ಸೆರಗು, ಕರವಸ್ತ್ರ ಮೂಗಿಗೆ ಹಿಡಿದು ದಾಟಿಹೋದರು. ನಾನು ಅಲ್ಲೇ ನಿಂತುಬಿಟ್ಟೆ. ಟಿ.ಬಿ. ಡ್ಯಾಮಿನ ನಮ್ಮ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಗೌರತ್ತೆ ಅದೇ ಪುಡಿಯನ್ನು ನೀರಿಗೆ ಹಾಕಿ ಕದಡುತ್ತಿದ್ದ ಆ ವಾರ ಕಣ್ಣ ಮುಂದೆ ಬಂತು. ನಿಮ್ಮ ಮನೆಯಲ್ಲೂ ಮಾತು ನಿಂತುಹೋದ ಹಿರಿಯ ಜೀವವೊಂದು ಇದ್ದಿದ್ದರೆ ಆ ವಾರದ ಭಯ ನಿಮಗೆ ಗೊತ್ತಾಗುತ್ತದೆ.

ಲಕ್ವ ಹೊಡೆದು ಅಜ್ಜಿಯ ಬಲಭಾಗ ಬಿದ್ದುಹೋಗಿತ್ತು. ಮಾತೂ ಹೋಗಿತ್ತು, ಎಡಗೈ ಮತ್ತು ಕಣ್ಣು ಮಾತ್ರ ಮೊದಲಿನಂತೆಯೇ ಚುರುಕಾಗಿದ್ದವು. ಒಂದು ಮಧ್ಯಾಹ್ನ ಅವಳ ಪಕ್ಕ ಕೂರುವ ಸರದಿ ನನ್ನದು. ನನಗಾಗ ಒಂಬತ್ತು ವರ್ಷ. ಅಜ್ಜಿಗೆ ಜೊಂಪು ಹತ್ತಿತೆಂದು ನಾನು ಕುಂಟಬಿಲ್ಲೆ ಆಡಲು ಹೊರಗೆ ಓಡಿದೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅಮ್ಮ ಒಳಗೆ ಬಂದಾಗ ಅಜ್ಜಿ ಮಂಚದಿಂದ ಬಿದ್ದು ನೆಲದ ಮೇಲಿದ್ದಳು. ಹಣೆ ಒಡೆದಿತ್ತು. ಎಷ್ಟು ಹೊತ್ತಿನಿಂದ ಹಾಗೆ ಬಿದ್ದಿದ್ದಳೋ ಯಾರಿಗೂ ತಿಳಿಯಲಿಲ್ಲ. ಅಪ್ಪ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಕಂಪ್ಲಿಗೆ, ಅಣ್ಣನ ಮನೀಗೆ ಕಳಸೋಣು. ಅಲ್ಲಿ ಮಂದಿ ಭಾಳ ಅದಾರ, ನೋಡ್ಕೊಂತಾರ" ಎಂದರು. ಅಜ್ಜಿ ಗೋಡೆಯ ಕಡೆ ಮುಖ ಮಾಡಿದಳು.

ಗೌರತ್ತೆ ಅಪ್ಪನ ತಂಗಿ, ನಮ್ಮ ಜೊತೆಗೇ ಇದ್ದಳು. ಹೈಸ್ಕೂಲೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. "ಐತವಾರದ ತನಕ ತಡಿ ಅಣ್ಣಾ. ಅವ್ವನ ಕೈಗೆ ಒಂದು ಒತ್ತೋ ಗಂಟಿ ಕೊಡ್ತೀನಿ, ಏನರ ಬೇಕಂದ್ರ ಒತ್ತಿ ಕರೀತಾಳ" ಎಂದಳು.

"ಹಾಸಿಗಿಗೆ ಕರೆಂಟಿನ ವೈರ್ ಎಳೀಬ್ಯಾಡ" ಎಂದರು ಅಪ್ಪ.

"ಕರೆಂಟ್ ಬ್ಯಾಡ. ಬ್ಯಾಟ್ರಿ ನಾನ ಮಾಡ್ತೀನಿ."

ದೊಡ್ಡಪ್ಪ ಐತವಾರ ಕಾರು ತರುವುದೆಂದು ಆಗಲೇ ನಿಶ್ಚಯವಾಗಿತ್ತು. ಅತ್ತೆ ಮೂರು ಗಾಜಿನ ಜಾಡಿಗಳಲ್ಲಿ ನವಸಾಗರದ ನೀರು ತುಂಬಿದಳು. ಸಂಡೂರಿನಿಂದ ತರಿಸಿದ ಮ್ಯಾಂಗನೀಸ್ ಕಲ್ಲನ್ನು ಇದ್ದಿಲಿನ ಜೊತೆ ನನ್ನಿಂದ ಕುಟ್ಟಿಸಿದಳು. ಆ ಕಪ್ಪು ಪುಡಿಯನ್ನು ಸಣ್ಣ ಮಣ್ಣಿನ ಕುಡಿಕೆಗಳಿಗೆ ಗಿಡಿದು, ನಡುವೆ ಹಳೆಯ ಟಾರ್ಚ್ ಸೆಲ್ಲಿನ ಇದ್ದಿಲ ಕಡ್ಡಿ ನಿಲ್ಲಿಸಿ, ಜಾಡಿಗೊಂದರಂತೆ ಇಳಿಸಿದಳು. ಪಕ್ಕಕ್ಕೆ ಸತುವಿನ ಪಟ್ಟಿ. ಶನಿವಾರ ಸಂಜೆ ಜಾಡಿಗಳನ್ನು ಗಂಟೆಗೂ ಒತ್ತುಗುಂಡಿಗೂ ತಂತಿಯಿಂದ ಸೇರಿಸಿ, ಗುಂಡಿ ಒತ್ತಿದರೆ ಗಂಟೆ ಸದ್ದೇ ಮಾಡಲಿಲ್ಲ. ಅತ್ತೆ ತಂತಿ ಕೆರೆದಳು, ಸತು ತಿಕ್ಕಿದಳು, ಮತ್ತೆ ಒತ್ತಿದಳು. "ಸಾಕು ಬಿಡು ಗೌರಿ" ಎಂದರು ಅಪ್ಪ. ಅವಳು ಒಂದು ಕುಡಿಕೆಯನ್ನು ಎತ್ತಿ, ಒಳಗಿನ ಪುಡಿ ಮುಟ್ಟಿ ನೋಡಿದಳು. "ಒಳಗಿಂದು ಇನ್ನೂ ಒಣಗೇ ಐತಿ. ಕುಡಿಕಿ ನೀರು ಹೀರಲಿ" ಎಂದು ಎದ್ದಳು. ಅವಳ ದನಿಯಲ್ಲಿ ನಂಬಿಕೆ ಇತ್ತೋ ಇಲ್ಲವೋ, ನಾನಂತೂ ಕಪ್ಪು ಹಿಡಿದ ಕೈಗಳನ್ನು ತೊಳೆಯದೆ ಮಲಗಿದೆ.

ಬೆಳಿಗ್ಗೆ ಗಂಟೆ ಗಿರ್ರೆಂದಿತು. ಅತ್ತೆ ಗುಂಡಿಯನ್ನು ಅಜ್ಜಿಯ ಎಡಗೈಯೊಳಗಿಟ್ಟು, "ಒತ್ತವ್ವಾ" ಎಂದಳು. ಅಜ್ಜಿ ಒತ್ತಲಿಲ್ಲ. ಎಷ್ಟು ಬೇಡಿಕೊಂಡರೂ ಬೆರಳು ಅಲುಗಲಿಲ್ಲ. ಅಷ್ಟರಲ್ಲಿ ಹೊರಗೆ ಕಾರಿನ ಸದ್ದಾಯಿತು. ದೊಡ್ಡಪ್ಪ ಒಳಗೆ ಬಂದರು. ಅಮ್ಮ ಅಜ್ಜಿಯ ಸೀರೆಗಳ ಗಂಟು ತಂದಿಟ್ಟಳು. ಅಪ್ಪ ಬಗ್ಗಿ ಅಜ್ಜಿಯ ಬೆನ್ನ ಕೆಳಗೆ ಕೈ ಹಾಕಿದರು.

ಗಂಟೆ ಬಾರಿಸತೊಡಗಿತು.

ನಿಲ್ಲಲೇ ಇಲ್ಲ. ಅಜ್ಜಿ ಅಪ್ಪನನ್ನೇ ನೋಡುತ್ತಾ ಹೆಬ್ಬೆರಳು ಒತ್ತಿ ಹಿಡಿದಿದ್ದಳು, ಉಗುರು ಬಿಳಿಚಿಕೊಂಡಿತ್ತು. "ಏನು ಬೇಕವ್ವಾ?" ಎಂದರು ದೊಡ್ಡಪ್ಪ. ಅಪ್ಪ ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು. "ಇಲ್ಲೇ ಇರ್ತಾಳ, ಬಿಡಣ್ಣ." ಆಗ ಬೆರಳು ಸಡಿಲವಾಯಿತು. ದೊಡ್ಡಪ್ಪ ಚಹಾ ಕುಡಿದು, ಬಂದ ಕಾರಿನಲ್ಲೇ ಹಿಂದಿರುಗಿದರು.

ಅಜ್ಜಿ ಇನ್ನೂ ಎರಡು ಬೇಸಿಗೆ ಬದುಕಿದ್ದಳು. ಸತು ಸವೆದಾಗಲೆಲ್ಲ ಅತ್ತೆ ಹೊಸ ಪಟ್ಟಿ ಹಾಕಿದಳು. ಈಗ ಅತ್ತೆಯೂ ಇಲ್ಲ, ಆ ಕ್ವಾರ್ಟರ್ಸಿನಲ್ಲಿ ಬೇರೆ ಯಾರೋ ಇದ್ದಾರೆ. ಆ ಎರಡು ವರ್ಷ ಗಂಟೆ ಹೆಚ್ಚಾಗಿ ಬಾರಿಸುತ್ತಿದ್ದುದು ನೀರಿಗಲ್ಲ, ಔಷಧಿಗಲ್ಲ. ಓಡಿಹೋಗಿ ಏನೆಂದು ಕೇಳಿದರೆ ಅಜ್ಜಿ ಹಾಸಿಗೆಯನ್ನು ಅಂಗೈಯಿಂದ ತಟ್ಟುತ್ತಿದ್ದಳು, ಕೂತುಕೋ ಎಂದು. ಎಷ್ಟೋ ಸಲ ಕೂತೆ. ಕೆಲವು ಸಲ ಓದುತ್ತಿದ್ದ ಕಥೆಪುಸ್ತಕ ಕೆಳಗಿಡದೆ, "ಬಂದೆ ಅಜ್ಜಿ" ಎಂದು ಕೂಗಿ ಪುಟ ಮುಗಿಸಿಯೇ ಏಳುತ್ತಿದ್ದೆ. ಅವಳು ಎರಡನೆಯ ಸಲ ಒತ್ತುತ್ತಿರಲಿಲ್ಲ. ಕಾಯುತ್ತಿದ್ದಳು.